ಕಾರ್ಖಾನೆಯೇ ಪಾಠಶಾಲೆ: ಚೆನ್ನೈ ನಗರದಲ್ಲಿ ಎಂಜಿನಿಯರಿಂಗ್ ಶಿಶಿಕ್ಷು ತರಬೇತಿ

ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಪ್ರಯಾಣ ಮಾಡುವವರು ಸೆಂಟ್ರಲ್ ನಿಲ್ದಾಣವನ್ನು ಸೇರುವ ಮೊದಲು ಆವಡಿ, ಅಂಬತ್ತೂರು, ವಿಲ್ಲಿವಾಕ್ಕಂ, ಪೆರಂಬೂರುಗಳನ್ನು ದಾಟಬೇಕು. ಆವಡಿಯಲ್ಲಿ ಯುದ್ಧ ಟ್ಯಾಂಕುಗಳನ್ನು ತಯಾರಿಸುವ ಭಾರಿ ವಾಹನಗಳ ಕಾರ್ಖಾನೆ ಇದೆ. ಅಂಬತ್ತೂರಿನಲ್ಲಿ ನೂರಾರು ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳನ್ನೊಳಗೊಂಡ ಕೈಗಾರಿಕಾ ವಸಾಹತು ಇದೆ. ಮುಂದೆ ಬರುವ ಎರಡು ನಿಲ್ದಾಣಗಳಿಗೆ ಕಾರ್ಖಾನೆಗಳ ಹೆಸರನ್ನೇ ಇಡಲಾಗಿದೆ: ಒಂದು ಪೆರಂಬೂರು ಲೋಕೊ ವರ್ಕ್ಸ್, ಇನ್ನೊಂದು ಪೆರಂಬೂರು ಕ್ಯಾರೇಜ್ ವರ್ಕ್ಸ್. ಸಮುದ್ರ ತೀರ, ದೇವಾಲಯ ಹಾಗೂ ಸಂಗೀತ ಸಭೆಗಳಿಗೆ ಹೆಸರಾದ ಚೆನ್ನೈ, ಪಶ್ಚಿಮದ ಈ ರೈಲು ಹಾದಿಯಲ್ಲಿ ಒಂದು ದೊಡ್ಡ ಯಂತ್ರಶಾಲೆಯಾಗಿಯೇ ಎದುರಾಗುತ್ತದೆ.

ಪ್ರತಿ ವರ್ಷವೂ ಅನೇಕ ಯುವಕ ಯುವತಿಯರು ಈ ಯಂತ್ರಶಾಲೆಯ ಬಾಗಿಲಿಗೆ ಶಿಶಿಕ್ಷುಗಳಾಗಿ ಬರುತ್ತಾರೆ. ಜನರ ಮಾತಿನಲ್ಲಿ ‘ಅಪ್ರೆಂಟಿಸ್’ ಎಂದು ಕರೆಯಲ್ಪಡುವ ಇವರ ಸ್ಥಾನವು ತುಸು ವಿಶಿಷ್ಟವಾದುದು. ಅವರು ಶಾಲೆಯ ವಿದ್ಯಾರ್ಥಿಗಳಲ್ಲ, ಕಾರ್ಖಾನೆಯ ನೌಕರರೂ ಅಲ್ಲ. ಇವೆರಡರ ನಡುವಿನ ಒಂದೆರಡು ವರ್ಷಗಳ ಅವಧಿಯಲ್ಲಿ ಅವರು ಪಡೆಯುವ ಅನುಭವ ಎಂತಹುದು, ಕಾನೂನು ಅವರಿಗೆ ಏನನ್ನು ನೀಡಿದೆ, ಏನನ್ನು ನೀಡಿಲ್ಲ ಎಂಬುದನ್ನು ತರಬೇತಿಗೆ ಸೇರುವವರೂ ಅವರ ತಂದೆ ತಾಯಿಗಳೂ ತಿಳಿದಿರುವುದು ಅವಶ್ಯಕ.

ಕಾಯಿದೆಯ ಹಿನ್ನೆಲೆ

ಗುರುವಿನ ಬಳಿ ಇದ್ದು ಕಸುಬು ಕಲಿಯುವ ಪದ್ಧತಿ ನಮ್ಮ ನಾಡಿಗೆ ಹೊಸತಲ್ಲ. ಕಮ್ಮಾರ, ಬಡಗಿ, ಅಕ್ಕಸಾಲಿ, ಶಿಲ್ಪಿ ಮೊದಲಾದವರು ತಲೆಮಾರಿನಿಂದ ತಲೆಮಾರಿಗೆ ವಿದ್ಯೆಯನ್ನು ದಾಟಿಸಿದ್ದು ಈ ರೀತಿಯಲ್ಲೇ. ಇದನ್ನು ಕಾನೂನಿನ ಚೌಕಟ್ಟಿಗೆ ತರುವ ಮೊದಲ ಪ್ರಯತ್ನ ಭಾರತದಲ್ಲಿ 1850ರಲ್ಲಿ ನಡೆಯಿತು. ಆ ವರ್ಷದ ಕಾಯಿದೆಯು ಮುಖ್ಯವಾಗಿ ಅನಾಥ ಹಾಗೂ ಬಡ ಮಕ್ಕಳನ್ನು ಕಸುಬುದಾರರ ಬಳಿ ಕಲಿಕೆಗೆ ಒಪ್ಪಿಸುವುದಕ್ಕೆ ಸಂಬಂಧಿಸಿತ್ತು. ಆಧುನಿಕ ಕಾರ್ಖಾನೆಯ ಅಗತ್ಯಗಳು ಅದರ ದೃಷ್ಟಿಯಲ್ಲಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಪಂಚವಾರ್ಷಿಕ ಯೋಜನೆಗಳ ಮೂಲಕ ಭಾರಿ ಉದ್ದಿಮೆಗಳು ಸ್ಥಾಪನೆಯಾದಾಗ ನುರಿತ ಕೈಗಳ ಕೊರತೆ ಎದ್ದು ಕಂಡಿತು. ಈ ಹಿನ್ನೆಲೆಯಲ್ಲಿ ಸಂಸತ್ತು 1961ರಲ್ಲಿ ಶಿಶಿಕ್ಷು ಕಾಯಿದೆಯನ್ನು ಅಂಗೀಕರಿಸಿ, ಹಳೆಯ ಕಾಯಿದೆಯನ್ನು ರದ್ದುಗೊಳಿಸಿತು. ಮೊದಲಿಗೆ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮುಂತಾದ ವೃತ್ತಿಗಳಿಗೆ ಮೀಸಲಾಗಿದ್ದ ಈ ವ್ಯವಸ್ಥೆಯನ್ನು 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ವಿಸ್ತರಿಸಿತು. 1986ರಲ್ಲಿ ವೃತ್ತಿಶಿಕ್ಷಣ ಪಡೆದ ವಿದ್ಯಾರ್ಥಿಗಳನ್ನೂ, 2014ರಲ್ಲಿ ಎಂಜಿನಿಯರಿಂಗ್ ಅಲ್ಲದ ಪದವೀಧರರನ್ನೂ ಇದರ ವ್ಯಾಪ್ತಿಗೆ ತರಲಾಯಿತು. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು.

ಪೆರಂಬೂರಿನ ನಿದರ್ಶನ

ಚೆನ್ನೈ ನಗರದಲ್ಲಿ ಈ ತರಬೇತಿಯ ಸ್ವರೂಪವನ್ನು ಅರಿಯಲು ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, ಅಂದರೆ ರೈಲು ಬೋಗಿಗಳ ಕಾರ್ಖಾನೆ, ಉತ್ತಮ ನಿದರ್ಶನವಾಗಿದೆ. 1949ರಲ್ಲಿ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಸಂಸ್ಥೆಯೊಡನೆ ಆದ ಒಪ್ಪಂದದ ಫಲವಾಗಿ ರೂಪುಗೊಂಡ ಈ ಕಾರ್ಖಾನೆಯನ್ನು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು 1955ರ ಅಕ್ಟೋಬರ್ 2ರಂದು ಉದ್ಘಾಟಿಸಿದರು. ಬೋಗಿಯ ತಳ, ಪಕ್ಕದ ಗೋಡೆ, ತುದಿಗೋಡೆ ಮತ್ತು ಛಾವಣಿಗಳನ್ನು ಬೆಸುಗೆಯ ಮೂಲಕ ಒಂದೇ ಉಕ್ಕಿನ ಕವಚವಾಗಿಸಿ, ಇಡೀ ಕವಚವೇ ಭಾರವನ್ನು ಹೊರುವಂತೆ ಮಾಡುವುದು ಸ್ವಿಸ್ ವಿನ್ಯಾಸದ ವೈಶಿಷ್ಟ್ಯವಾಗಿತ್ತು. ಇದು ಇಲ್ಲಿಯವರಿಗೆ ಹೊಸ ವಿದ್ಯೆ. ಇಂದು ನೂರಾರು ಜನರಿಗೆ ಕಲಿಸುತ್ತಿರುವ ಕಾರ್ಖಾನೆಯು ಒಂದು ಕಾಲದಲ್ಲಿ ತಾನೇ ಕಲಿಯುವ ಸ್ಥಾನದಲ್ಲಿ ಇದ್ದಿತು. ಕಲಿತ ವಿದ್ಯೆ ಬೆಳೆದ ಪರಿಯನ್ನು 2018ರಲ್ಲಿ ಇಲ್ಲಿಯೇ ನಿರ್ಮಾಣಗೊಂಡು, ಮರುವರ್ಷ ಫೆಬ್ರವರಿಯಲ್ಲಿ ದೆಹಲಿ ಮತ್ತು ವಾರಾಣಸಿಗಳ ನಡುವೆ ಸಂಚಾರ ಆರಂಭಿಸಿದ ವಂದೇ ಭಾರತ್ ರೈಲಿನಲ್ಲಿ ಕಾಣಬಹುದು.

ಈ ಕಾರ್ಖಾನೆಯು ಶಿಶಿಕ್ಷುಗಳನ್ನು ಎರಡು ವರ್ಗಗಳಲ್ಲಿ ಆರಿಸುತ್ತದೆ. ಹತ್ತನೆಯ ತರಗತಿ ಮುಗಿಸಿ ನೇರವಾಗಿ ಬರುವವರು ಮೊದಲನೆಯ ವರ್ಗ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ, ಎಂದರೆ ಐ.ಟಿ.ಐ.ಯಲ್ಲಿ ಕಲಿತು ಬರುವವರು ಎರಡನೆಯ ವರ್ಗ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್, ಬಡಗಿ, ಪೇಂಟರ್ ಮುಂತಾದ ವೃತ್ತಿಗಳು ಇಲ್ಲಿವೆ. 2024ರ ಅಧಿಸೂಚನೆಯಲ್ಲಿ ಒಟ್ಟು 1010 ಸ್ಥಾನಗಳನ್ನು ಪ್ರಕಟಿಸಲಾಗಿತ್ತು. ಐ.ಟಿ.ಐ. ಮುಗಿಸಿದವರಿಗೆ ತರಬೇತಿ ಒಂದು ವರ್ಷ. ಹೊಸಬರಿಗೆ ವೃತ್ತಿಯನ್ನು ಅನುಸರಿಸಿ ಅವಧಿ ಹೆಚ್ಚುತ್ತದೆ.

ಕೈಗೆ ಬುದ್ಧಿ ಬರುವ ಬಗೆ

ಹೊಸದಾಗಿ ಸೇರಿದ ಶಿಶಿಕ್ಷುವನ್ನು ಒಮ್ಮೆಲೇ ಉತ್ಪಾದನಾ ವಿಭಾಗಕ್ಕೆ ಕಳುಹಿಸುವುದಿಲ್ಲ. ಮೊದಲಿಗೆ ಮೂಲ ತರಬೇತಿ ನಡೆಯುತ್ತದೆ. ಫಿಟ್ಟರ್ ವೃತ್ತಿಯವರಿಗೆ ಇದು ಅರ ಹಿಡಿಯುವುದರಿಂದ ಆರಂಭವಾಗುತ್ತದೆ. ವೈಸ್‌ನಲ್ಲಿ ಸಿಕ್ಕಿಸಿದ ಒಂದು ಕಬ್ಬಿಣದ ತುಂಡನ್ನು ದಿನಗಟ್ಟಲೆ ಉಜ್ಜಿ ಸಮತಟ್ಟು ಮಾಡಬೇಕು. ಮಟ್ಟಗೋಲನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ನಡುವೆ ಕಿರಣವೊಂದು ತೂರಿದರೂ ಕೆಲಸ ಅಪೂರ್ಣವೆಂದೇ ಅರ್ಥ. ಅಂಗೈಯಲ್ಲಿ ಬೊಬ್ಬೆಗಳೇಳುತ್ತವೆ, ಭುಜ ನೋಯುತ್ತದೆ. ಯಂತ್ರವು ಕೆಲವೇ ನಿಮಿಷಗಳಲ್ಲಿ ಮಾಡಬಲ್ಲ ಕೆಲಸವನ್ನು ಕೈಯಿಂದ ಏಕೆ ಮಾಡಬೇಕೆಂಬ ಪ್ರಶ್ನೆ ಅನೇಕರಲ್ಲಿ ಹುಟ್ಟುವುದು ಸಹಜ. ಲೋಹ ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ, ಎಷ್ಟು ಒತ್ತಡಕ್ಕೆ ಎಷ್ಟು ಸವೆಯುತ್ತದೆ ಎಂಬ ಅರಿವು ಕೈಗೆ ಬರುವುದು ಈ ಅಭ್ಯಾಸದಿಂದಲೇ. ಮುಂದೆ ಯಂತ್ರದ ಮುಂದೆ ನಿಂತಾಗ, ಅದರ ಸದ್ದಿನಲ್ಲಾದ ಸಣ್ಣ ವ್ಯತ್ಯಾಸದಿಂದಲೇ ದೋಷವನ್ನು ಗ್ರಹಿಸಲು ಈ ಅರಿವು ನೆರವಾಗುತ್ತದೆ.

ಅಳತೆಯ ಶಿಸ್ತು ಎರಡನೆಯ ಪಾಠ. ಸಾಮಾನ್ಯ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ, ಮೈಕ್ರೋಮೀಟರ್ 0.01 ಮಿಲಿಮೀಟರ್‌ವರೆಗೆ ಅಳೆಯಬಲ್ಲವು. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆಯಾದ ಈ ಅಳತೆಗಳನ್ನು ತರಗತಿಯಲ್ಲಿ ಓದಿ ಅಂಕ ಗಳಿಸಿದವರೂ ಮೊದಲ ಬಾರಿ ಉಪಕರಣ ಹಿಡಿದಾಗ ತಡವರಿಸುತ್ತಾರೆ. ಅತಿಯಾಗಿ ಬಿಗಿದರೆ ಒಂದು ಅಳತೆ, ಸಡಿಲ ಬಿಟ್ಟರೆ ಇನ್ನೊಂದು. ಕೈಯ ಹದವೇ ಇಲ್ಲಿ ಪ್ರಮಾಣ. ಚೆನ್ನೈ ನಗರದ ಕಡಲ ಗಾಳಿಯಲ್ಲಿ ತೇವವೂ ಉಪ್ಪೂ ಇರುವುದರಿಂದ, ದಿನದ ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಒರೆಸಿ ತೆಳುವಾಗಿ ಎಣ್ಣೆ ಸವರಿ ಇಡುವುದನ್ನೂ ಕಲಿಯಬೇಕು.

ವೆಲ್ಡರ್ ವೃತ್ತಿಯವರಿಗೆ ಹವಾಮಾನವೇ ಒಬ್ಬ ಗುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಸುವ ಈಶಾನ್ಯ ಮಾರುತದ ಕಾಲದಲ್ಲಿ ಗಾಳಿಯ ತೇವವನ್ನು ವೆಲ್ಡಿಂಗ್ ಕಡ್ಡಿಯ ಲೇಪ ಹೀರಿಕೊಳ್ಳುತ್ತದೆ. ಅಂತಹ ಕಡ್ಡಿಯನ್ನು ಒಲೆಯಲ್ಲಿ ಒಣಗಿಸದೆ ಬಳಸಿದರೆ ಬೆಸುಗೆಯೊಳಗೆ ಅನಿಲದ ಗುಳ್ಳೆಗಳು ಉಳಿಯಬಹುದು, ಬಿರುಕೂ ಬಿಡಬಹುದು. ಹೊರಗಿನಿಂದ ನೋಡಿದಾಗ ಬೆಸುಗೆ ಅಂದವಾಗಿಯೇ ಇರುತ್ತದೆ, ದೋಷ ಒಳಗಿರುತ್ತದೆ. ಆಸ್ಟೆನಿಟಿಕ್ ವರ್ಗದ ಸ್ಟೇನ್‌ಲೆಸ್ ಉಕ್ಕು ಶಾಖವನ್ನು ನಿಧಾನವಾಗಿ ಹರಡುತ್ತದೆ, ಹೆಚ್ಚು ಹಿಗ್ಗುತ್ತದೆ. ಬೆಸುಗೆಯ ಕ್ರಮ ತಪ್ಪಿದರೆ ಹಾಳೆ ತಿರುಚಿಕೊಳ್ಳುತ್ತದೆ. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಿನಲ್ಲಿ ಚರ್ಮದ ಮೇಲುಡುಪು, ಕೈಗವಸು, ಮುಖಕವಚ ಧರಿಸಿ ಈ ಕೆಲಸ ಮಾಡುವುದು ಸುಲಭವಲ್ಲ. ಆದರೂ ರಕ್ಷಣಾ ಸಾಧನವನ್ನು ಒಂದು ಕ್ಷಣವೂ ತೆಗೆಯಬಾರದೆಂಬ ಶಿಸ್ತು ಇಲ್ಲಿ ರೂಢಿಯಾಗಬೇಕು. ತಾನು ಹಾಕಿದ ಬೆಸುಗೆಯ ಮೇಲೆ ಸಾವಿರಾರು ಪ್ರಯಾಣಿಕರ ಜೀವ ಅವಲಂಬಿಸಿದೆ ಎಂಬ ಹೊಣೆಗಾರಿಕೆಯನ್ನು ಯಾವ ಪಠ್ಯಪುಸ್ತಕವೂ ಇಷ್ಟು ನೇರವಾಗಿ ಕಲಿಸಲಾರದು.

ಮೂಲ ತರಬೇತಿಯ ಬಳಿಕ ಶಿಶಿಕ್ಷುಗಳು ಬೇರೆ ಬೇರೆ ವಿಭಾಗಗಳಲ್ಲಿ ನುರಿತ ಕೆಲಸಗಾರರ ಜೊತೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯುತ್ತಾರೆ. ಇದರೊಂದಿಗೆ ವೃತ್ತಿಗೆ ಸಂಬಂಧಿಸಿದ ಸಿದ್ಧಾಂತದ ಪಾಠಗಳೂ ಇರುತ್ತವೆ. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ದೊರೆಯುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ವಾರದ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಕಾರ್ಖಾನೆ ಎಂಬ ಇಮ್ಮುಖ ಪದ್ಧತಿ ಬಹುಕಾಲದಿಂದ ಬೇರೂರಿದೆ. ನಮ್ಮ ಕಾಯಿದೆಯಲ್ಲಿಯೂ ಇದೇ ತತ್ತ್ವ ಅಡಕವಾಗಿದೆ.

ತರಬೇತಿ ಪಡೆಯುವವರು, ಕೆಲಸಗಾರರಲ್ಲ

ಶಿಶಿಕ್ಷುವಿನ ಬದುಕನ್ನು ನಿರ್ಧರಿಸುವ ಮುಖ್ಯ ಮಾತು ಕಾಯಿದೆಯ 18ನೆಯ ಪ್ರಕರಣದಲ್ಲಿದೆ. ಶಿಶಿಕ್ಷುವು ತರಬೇತಿ ಪಡೆಯುವ ವ್ಯಕ್ತಿಯೇ ಹೊರತು ಕೆಲಸಗಾರನಲ್ಲ, ಕಾರ್ಮಿಕ ಕಾನೂನುಗಳು ಆತನಿಗೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ಮೇಲ್ನೋಟಕ್ಕೆ ಇದು ಹಕ್ಕುಗಳನ್ನು ಕಳೆಯುವ ಮಾತಾಗಿ ತೋರುತ್ತದೆ. ನೌಕರನ ಸಂಬಳ, ಸೇವಾ ಭದ್ರತೆ ಇವು ಶಿಶಿಕ್ಷುವಿಗೆ ಇಲ್ಲವೆಂಬುದು ನಿಜ. ಆದರೆ ಅದೇ ಮಾತಿಗೆ ಇನ್ನೊಂದು ಮುಖವಿದೆ. ಕೆಲಸಗಾರನಲ್ಲದ ವ್ಯಕ್ತಿಯಿಂದ ಕೆಲಸಗಾರನ ದುಡಿಮೆಯನ್ನು ತೆಗೆಯುವಂತಿಲ್ಲ, ಆತನಿಗೆ ಕಲಿಸಲೇಬೇಕು.

ಕಾಯಿದೆಯ ಇತರ ಪ್ರಕರಣಗಳು ಇದನ್ನು ಸ್ಪಷ್ಟಪಡಿಸುತ್ತವೆ. ತರಬೇತಿಯನ್ನು ಅರ್ಹ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ನೀಡುವುದು ಉದ್ಯೋಗದಾತರ ಕರ್ತವ್ಯ. ಎಷ್ಟು ವಸ್ತುಗಳನ್ನು ಮಾಡಿದರೆಂಬ ಲೆಕ್ಕದ ಮೇಲೆ ಶಿಶಿಕ್ಷುವಿಗೆ ಹಣ ನೀಡುವಂತಿಲ್ಲ. ಉತ್ಪಾದನಾ ಬೋನಸ್ ಯೋಜನೆಗೆ ಸೇರಿಸುವಂತೆಯೂ ಇಲ್ಲ. ಅವಸರದ ಉತ್ಪಾದನೆಯ ಒತ್ತಡದಲ್ಲಿ ಕಲಿಕೆ ನಾಶವಾಗಬಾರದೆಂಬುದೇ ಇದರ ಉದ್ದೇಶ. ಶಿಶಿಕ್ಷು ಸಲಹೆಗಾರರ ಅನುಮತಿ ಇಲ್ಲದೆ ಹೆಚ್ಚುವರಿ ಅವಧಿಯ ಕೆಲಸ ಮಾಡಿಸುವುದು, ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚುವುದು ಅಪರಾಧವೆಂದು ಕಾಯಿದೆ ಪರಿಗಣಿಸಿದೆ. ಆರೋಗ್ಯ, ಸುರಕ್ಷತೆ ಮತ್ತು ಕ್ಷೇಮಾಭಿವೃದ್ಧಿಯ ವಿಷಯದಲ್ಲಿ ಕಾರ್ಮಿಕರಿಗೆ ಇರುವ ರಕ್ಷಣೆಯನ್ನು ಶಿಶಿಕ್ಷುಗಳಿಗೂ ವಿಸ್ತರಿಸಲಾಗಿದೆ. ತರಬೇತಿಯ ವೇಳೆ ಸಂಭವಿಸುವ ಅಪಘಾತದಿಂದ ಗಾಯಗೊಂಡಲ್ಲಿ ಪರಿಹಾರಕ್ಕೂ ಅವರು ಅರ್ಹರು.

ಹಾಗೆಂದು ಎಲ್ಲ ಕಡೆಯೂ ಕಾಯಿದೆಯ ಆಶಯ ಪೂರ್ಣವಾಗಿ ಈಡೇರುತ್ತಿದೆ ಎನ್ನಲಾಗದು. ವರ್ಷವಿಡೀ ಒಂದೇ ಗುಂಡಿ ಒತ್ತುವ ಕೆಲಸಕ್ಕೆ, ಸಾಮಾನು ಹೊರುವುದಕ್ಕೆ, ಕಡತ ಒಯ್ಯುವುದಕ್ಕೆ ಶಿಶಿಕ್ಷುವನ್ನು ಬಳಸಿಕೊಂಡರೆ, ಆತನಿಗೆ ಉಳಿಯುವುದು ಪ್ರಮಾಣಪತ್ರದ ಹಾಳೆಯೊಂದೇ. ಒಂದು ಯೌವನದ ಅಮೂಲ್ಯ ವರ್ಷ ವ್ಯರ್ಥವಾಗುತ್ತದೆ. ಶಿಶಿಕ್ಷು ಮತ್ತು ಉದ್ಯೋಗದಾತರ ನಡುವೆ ಕರಾರಿನ ಬಗ್ಗೆ ವಿವಾದ ಉಂಟಾದರೆ ಅದನ್ನು ಶಿಶಿಕ್ಷು ಸಲಹೆಗಾರರ ನಿರ್ಣಯಕ್ಕೆ ಒಪ್ಪಿಸಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಈ ಅವಕಾಶ ಇದೆಯೆಂದು ತಿಳಿದವರು ಮಾತ್ರ ಅದನ್ನು ಬಳಸಿಕೊಳ್ಳಬಲ್ಲರು.

ಶಿಶಿಕ್ಷುವಿಗೂ ಹೊಣೆಗಳಿವೆ. ವೃತ್ತಿಯನ್ನು ಶ್ರದ್ಧೆಯಿಂದ ಕಲಿಯುವುದು, ಪ್ರಾಯೋಗಿಕ ಹಾಗೂ ಸೈದ್ಧಾಂತಿಕ ತರಗತಿಗಳಿಗೆ ತಪ್ಪದೆ ಹಾಜರಾಗುವುದು, ಮೇಲಿನವರ ನ್ಯಾಯಸಮ್ಮತ ಆದೇಶಗಳನ್ನು ಪಾಲಿಸುವುದು ಅವರ ಕರ್ತವ್ಯ. ನಡತೆ ಮತ್ತು ಶಿಸ್ತಿನ ವಿಷಯದಲ್ಲಿ ಆಯಾ ಸಂಸ್ಥೆಯ ನಿಯಮಗಳಿಗೆ ಅವರು ಒಳಪಡುತ್ತಾರೆ.

ಕರ್ನಾಟಕಕ್ಕೂ ಚೆನ್ನೈಗೂ ಇರುವ ನಂಟು

ಎಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾ ಪಡೆದವರ ಶಿಶಿಕ್ಷು ತರಬೇತಿಯನ್ನು ನೋಡಿಕೊಳ್ಳಲು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದಲ್ಲಿ ನಾಲ್ಕು ಪ್ರಾದೇಶಿಕ ಮಂಡಳಿಗಳಿವೆ. ಮುಂಬಯಿ, ಕಾನ್ಪುರ, ಕೋಲ್ಕತ ಮತ್ತು ಚೆನ್ನೈ ಇವುಗಳ ನೆಲೆಗಳು. ದಕ್ಷಿಣ ವಲಯದ ಮಂಡಳಿಯ ಕಚೇರಿ ಚೆನ್ನೈ ನಗರದ ತರಮಣಿಯಲ್ಲಿದ್ದು, ಕರ್ನಾಟಕವೂ ಅದರ ವ್ಯಾಪ್ತಿಗೆ ಸೇರಿದೆ. ಹೀಗಾಗಿ ಹುಬ್ಬಳ್ಳಿಯಲ್ಲಿ ಓದಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ತರಬೇತಿ ಪಡೆಯುವ ಡಿಪ್ಲೊಮಾಧಾರಿಯೂ ಚೆನ್ನೈ ಮಂಡಳಿಯ ಆಡಳಿತಕ್ಕೆ ಒಳಪಟ್ಟವರು. ಈ ವರ್ಗದ ತರಬೇತಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಯಶಸ್ವಿಯಾಗಿ ಮುಗಿಸಿದವರಿಗೆ ಮಂಡಳಿಯು ಪ್ರಾವೀಣ್ಯ ಪ್ರಮಾಣಪತ್ರವನ್ನು ನೀಡುತ್ತದೆ. ಐ.ಟಿ.ಐ. ಮಟ್ಟದ ವೃತ್ತಿಗಳ ತರಬೇತಿಯು ಕೌಶಲ್ಯಾಭಿವೃದ್ಧಿ ಸಚಿವಾಲಯದ ಹೊಣೆಯಾಗಿದೆ.

ಶಿಷ್ಯವೇತನ ಮತ್ತು ಪರವೂರಿನ ಬದುಕು

2019ರ ನಿಯಮಗಳು ಕನಿಷ್ಠ ಮಾಸಿಕ ಶಿಷ್ಯವೇತನವನ್ನು ಹತ್ತನೆಯ ತರಗತಿ ತೇರ್ಗಡೆಯಾದವರಿಗೆ 6000 ರೂ., ಐ.ಟಿ.ಐ. ಪ್ರಮಾಣಪತ್ರ ಪಡೆದವರಿಗೆ 7000 ರೂ., ಡಿಪ್ಲೊಮಾ ಪಡೆದವರಿಗೆ 8000 ರೂ., ಪದವೀಧರರಿಗೆ 9000 ರೂ. ಎಂದು ಗೊತ್ತುಪಡಿಸಿದವು. ಈ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ; ಆದ್ದರಿಂದ ಸೇರುವ ಸಮಯದಲ್ಲಿ ಜಾರಿಯಲ್ಲಿರುವ ದರವನ್ನು ಕೇಳಿ ತಿಳಿಯಬೇಕು. ಇದು ಕನಿಷ್ಠ ಮೊತ್ತವಾದ್ದರಿಂದ ಉದ್ಯೋಗದಾತರು ಇದಕ್ಕಿಂತ ಹೆಚ್ಚು ನೀಡಲು ಅಡ್ಡಿಯಿಲ್ಲ. ಶಿಷ್ಯವೇತನದ ಒಂದು ಭಾಗವನ್ನು ಸರ್ಕಾರವೇ ಭರಿಸಿ ಉದ್ಯೋಗದಾತರನ್ನು ಪ್ರೋತ್ಸಾಹಿಸುವ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯು 2016ರಲ್ಲಿ ಆರಂಭವಾಯಿತು.

ಮನೆಯಿಂದಲೇ ಹೋಗಿ ಬರುವವರಿಗೆ ಈ ಹಣ ನೆರವಾಗಬಹುದು. ಆದರೆ ರಾಯಚೂರು ಅಥವಾ ಚಾಮರಾಜನಗರದ ಹಳ್ಳಿಯಿಂದ ಚೆನ್ನೈಗೆ ಬಂದು ಕೋಣೆ ಹಿಡಿದವರಿಗೆ ಬಾಡಿಗೆ, ಊಟ, ಓಡಾಟಗಳಲ್ಲೇ ಅದು ಕರಗಿಹೋಗುತ್ತದೆ. ಮನೆಗೆ ಹಣ ಕಳುಹಿಸುವ ನಿರೀಕ್ಷೆಯಿಂದ ಬಂದವರು ನಿರಾಶರಾಗುವುದುಂಟು. ನಾಲ್ಕಾರು ಮಂದಿ ಸೇರಿ ಒಂದು ಕೋಣೆಯಲ್ಲಿ ವಾಸಿಸುವುದು, ಸರದಿಯಂತೆ ಅಡುಗೆ ಮಾಡುವುದು, ಉಪನಗರ ರೈಲಿನ ಮಾಸಿಕ ಪಾಸ್ ಪಡೆಯುವುದು ಇವು ಖರ್ಚು ತಗ್ಗಿಸುವ ಸಾಮಾನ್ಯ ಮಾರ್ಗಗಳು. ತರಬೇತಿಯ ಅವಧಿಯನ್ನು ಗಳಿಕೆಯ ಕಾಲವೆಂದು ಎಣಿಸದೆ, ಊರಿನಿಂದ ಸ್ವಲ್ಪ ನೆರವು ಬೇಕಾಗಬಹುದೆಂದು ಕುಟುಂಬದವರು ಮೊದಲೇ ಅರಿತಿದ್ದರೆ ಒಳಿತು.

ಭಾಷೆಯ ತೊಡಕು ಆರಂಭದಲ್ಲಿ ದೊಡ್ಡದಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರರ ಮಾತು ತಮಿಳು. ಸೂಚನಾ ಫಲಕ, ನಕ್ಷೆಗಳಲ್ಲಿ ಇಂಗ್ಲಿಷ್. ಆದರೆ ಲೇತ್, ಗೇಜ್, ಡ್ರಿಲ್, ಬೋಲ್ಟ್ ಮುಂತಾದ ಕಸುಬಿನ ಪದಗಳು ಎರಡು ನಾಡುಗಳಲ್ಲಿಯೂ ಒಂದೇ. ಹಿರಿಯರನ್ನು ಪ್ರೀತಿಯಿಂದ ಕರೆಯುವ ‘ಅಣ್ಣ’ ಎಂಬ ಮಾತು ತಮಿಳಿಗೂ ಕನ್ನಡಕ್ಕೂ ಸಮಾನವಾದುದು. ಕೆಲವು ತಿಂಗಳಲ್ಲಿ ಕಿವಿಗೆ ತಮಿಳು ಒಗ್ಗುತ್ತದೆ, ನಾಲಗೆಗೂ ಬರುತ್ತದೆ. ಅರ್ಥವಾಗದ ಸೂಚನೆಯನ್ನು ಸಂಕೋಚದಿಂದ ತಲೆಯಾಡಿಸಿ ಒಪ್ಪಿಕೊಳ್ಳುವುದು ಮಾತ್ರ ಅಪಾಯಕಾರಿ. ಯಂತ್ರದ ಬಳಿ ಇರುವಾಗ ಮತ್ತೊಮ್ಮೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ತರಬೇತಿಯ ನಂತರ

ತರಬೇತಿ ಮುಗಿದ ಕೂಡಲೇ ಅದೇ ಕಾರ್ಖಾನೆಯಲ್ಲಿ ನೌಕರಿ ದೊರೆಯುವುದೆಂಬ ನಂಬಿಕೆ ವ್ಯಾಪಕವಾಗಿದೆ. ಕಾಯಿದೆ ಅಂತಹ ಭರವಸೆಯನ್ನು ನೀಡಿಲ್ಲ. ತರಬೇತಿ ಪಡೆದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಉದ್ಯೋಗದಾತರೂ ತಮ್ಮದೇ ಆದ ನೀತಿಯನ್ನು ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳಿತು. ಇದಕ್ಕೆ ಮೊದಲು, 1995ರಲ್ಲಿ, ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇತರ ಅರ್ಹತೆಗಳು ಸಮನಾಗಿದ್ದಲ್ಲಿ ತರಬೇತಿ ಪಡೆದ ಶಿಶಿಕ್ಷುವಿಗೆ ನೇರ ನೇಮಕಾತಿಯಲ್ಲಿ ಆದ್ಯತೆ ಸಲ್ಲಬೇಕೆಂದು ತಿಳಿಸಿತು. ಈ ಆದ್ಯತೆ ಸಮಾನ ಅರ್ಹತೆಯುಳ್ಳವರ ನಡುವಿನದು. ಅದನ್ನು ನೌಕರಿಯ ಖಾತರಿ ಎಂದು ಭಾವಿಸಬಾರದು. ರೈಲ್ವೆ ಇಲಾಖೆಯು ತನ್ನ ಸಂಸ್ಥೆಗಳಲ್ಲಿ ತರಬೇತಿ ಪೂರೈಸಿದವರಿಗೆ ಮೊದಲ ಹಂತದ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಸ್ಥಾನಗಳನ್ನು ಮೀಸಲಿಡುವ ಕ್ರಮ ಕೈಗೊಂಡಿತು. ಅಲ್ಲಿಯೂ ನೇಮಕಾತಿ ಪರೀಕ್ಷೆಯಲ್ಲಿ ಅರ್ಹತೆ ಪಡೆಯಲೇಬೇಕು.

ಆದುದರಿಂದ ಶಿಶಿಕ್ಷು ತರಬೇತಿಯ ಫಲವನ್ನು ಒಂದೇ ಸಂಸ್ಥೆಯ ನೌಕರಿಯಿಂದ ಅಳೆಯುವುದು ಸೂಕ್ತವಲ್ಲ. ಅಂಬತ್ತೂರು, ಶ್ರೀಪೆರಂಬುದೂರು, ಹೊಸೂರು, ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಸಂದರ್ಶನಕ್ಕೆ ಹೋದಾಗ, ನಕ್ಷೆಯನ್ನು ಓದಿ, ಅಳತೆ ತಪ್ಪದೆ ಒಂದು ಬಿಡಿಭಾಗವನ್ನು ಮಾಡಿ ತೋರಿಸಬಲ್ಲವರಿಗೆ ಬೆಲೆಯಿದೆ. ಸ್ವಂತ ಕಾರ್ಯಾಗಾರ ತೆರೆಯಬಯಸುವವರಿಗೂ ಈ ಅನುಭವವೇ ಬಂಡವಾಳ.

ಗಮನದಲ್ಲಿರಿಸಬೇಕಾದ ಸಂಗತಿಗಳು

ಸೇರುವ ಮೊದಲು ಶಿಶಿಕ್ಷುಗಳು ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಕರಾರು ಲಿಖಿತವಾಗಿದ್ದು ನೋಂದಣಿಯಾಗಿದೆಯೇ, ವೃತ್ತಿಯ ಹೆಸರು, ಅವಧಿ ಮತ್ತು ಶಿಷ್ಯವೇತನ ಅದರಲ್ಲಿ ಸರಿಯಾಗಿ ನಮೂದಾಗಿವೆಯೇ ಎಂದು ನೋಡಬೇಕು. ಅಭ್ಯರ್ಥಿ ಅಪ್ರಾಪ್ತ ವಯಸ್ಕರಾಗಿದ್ದರೆ ಪೋಷಕರು ಸಹಿ ಮಾಡಬೇಕಾಗುತ್ತದೆ. ಓದಿ, ಅರ್ಥ ಮಾಡಿಕೊಂಡ ಬಳಿಕವೇ ಸಹಿ ಹಾಕುವುದು ಉಚಿತ. ಕರಾರಿನ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಅವಧಿಯ ನಡುವೆ ಬಿಟ್ಟುಹೋದರೆ ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕಾದ ಸಂದರ್ಭ ಬರಬಹುದೆಂಬುದನ್ನೂ ಮರೆಯಬಾರದು.

ಸೇರಿದ ಮೇಲೆ ದಿನಚರಿಯನ್ನು ತಪ್ಪದೆ ಬರೆಯಬೇಕು. ಅಂದು ಯಾವ ವಿಭಾಗದಲ್ಲಿದ್ದೆ, ಯಾವ ಯಂತ್ರದ ಮೇಲೆ ಏನು ಮಾಡಿದೆ, ಯಾವುದು ತಪ್ಪಿತು, ಏಕೆ ತಪ್ಪಿತು ಎಂದು ಬರೆದಿಟ್ಟರೆ ಪರೀಕ್ಷೆಗೂ ಸಂದರ್ಶನಕ್ಕೂ ಅದಕ್ಕಿಂತ ಉತ್ತಮ ಪುಸ್ತಕ ಬೇರೊಂದಿಲ್ಲ. ಕಲಿಸುವ ಕ್ರಮದಲ್ಲಿ ಲೋಪವಿದ್ದರೆ ದೂರು ನೀಡಲು ದಿನಚರಿಯೇ ಆಧಾರವಾಗುತ್ತದೆ. ಪಠ್ಯಕ್ರಮದ ಪ್ರಕಾರ ತನಗೆ ಕಲಿಸಬೇಕಾದ ಯಂತ್ರ ಅಥವಾ ವಿಭಾಗ ಬಿಟ್ಟುಹೋಗಿದ್ದಲ್ಲಿ ಮೇಲ್ವಿಚಾರಕರನ್ನು ವಿನಯದಿಂದ ಕೇಳಬೇಕು. ಅದರಿಂದ ಫಲ ದೊರೆಯದಿದ್ದರೆ ಸಂಬಂಧಪಟ್ಟ ಶಿಶಿಕ್ಷು ಸಲಹೆಗಾರರಿಗೆ ಬರೆಯಬಹುದು.

ನುರಿತ ಕೈಗಳು ದೇಶದ ಸಂಪತ್ತು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಆ ಸಂಪತ್ತು ಬೆಳೆಯುವುದು ಹಿರಿಯ ಕೆಲಸಗಾರನೊಬ್ಬ ತನ್ನ ಕೆಲಸವನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತ ಹದಿನೆಂಟರ ಹುಡುಗ ಅಥವಾ ಹುಡುಗಿಗೆ ಉಪಕರಣ ಹಿಡಿಯುವ ರೀತಿಯನ್ನು ತೋರಿಸುವ ಗಳಿಗೆಯಲ್ಲಿ. ಕಲಿಸುವುದಕ್ಕೆ ಬೇಕಾದ ಆ ಸಮಯವನ್ನು ಉದ್ಯೋಗದಾತರು ಮನಃಪೂರ್ವಕವಾಗಿ ನೀಡಿ, ಶಿಶಿಕ್ಷುಗಳು ಅದನ್ನು ತಮ್ಮ ಹಕ್ಕೆಂದು ಅರಿತು ಶ್ರದ್ಧೆಯಿಂದ ಬಳಸಿಕೊಂಡಲ್ಲಿ, 1961ರ ಕಾಯಿದೆಯ ಉದ್ದೇಶ ಸಾರ್ಥಕವಾಗುತ್ತದೆ.